ಗ್ರಂಥಾಲಯಕ್ಕೆ ಬಂದ ನಗರಸಭೆ

ನಗರ ಗ್ರಂಥಾಲಯದ ಓದುವ ಕೋಣೆಯ ಸೂರಿನಿಂದ ಗಾರೆಯ ಹೆಂಟೆಯೊಂದು ಕಳಚಿ ಪಾರ್ಲರ್ ಅಕ್ಕನ ಅತ್ತೆಯ ಭುಜದ ಮೇಲೆ ಬಿದ್ದಾಗ, ಆ ಮುದುಕಿ ನಗರಸಭೆಯ ಸಾಧನೆಗಳ ಬಗ್ಗೆ ಬಂದಿದ್ದ ಪತ್ರಿಕೆಯ ವಿಶೇಷ ಪುರವಣಿಯನ್ನು ಓದಿ ಮೂಗು ಮುರಿಯುತ್ತಿದ್ದರು. ಸ್ವಲ್ಪ ಈಚೆ ಬಿದ್ದಿದ್ದರೆ ತಲೆಯೇ ಹೋಗುತ್ತಿತ್ತು. ಭುಜದ ಮೂಳೆ ಬಿರುಕು ಬಿಡುವುದರಲ್ಲಿ ಮುಗಿಯಿತು. ಸುದ್ದಿ ತಿಳಿದ ಸೊಸೆ, ಗಿರಾಕಿಯೊಬ್ಬಳ ಮುಖಕ್ಕೆ ಹಚ್ಚಿದ ಲೇಪವನ್ನು ಹಾಗೇ ಒಣಗಲು ಬಿಟ್ಟು ಆಸ್ಪತ್ರೆಗೆ ಓಡಿದಳು. ಕೈಯನ್ನು ಕೊರಳಿಗೆ ಕಟ್ಟಿಸಿಕೊಂಡು ಮಂಚದ ಮೇಲೆ ಕೂತಿದ್ದ ಮುದುಕಿ ಅವಳನ್ನು ಕಂಡು ಆಡಿದ ಮೊದಲ ಮಾತು ಇದು:

"ಬಂದ್ಯಾ? ನೋಡು, ನಿನ್ನ ಕಟ್ಟಡ ನನ್ನ ಮೈಮೇಲೆ ಬಿತ್ತು."

ನಿನ್ನ ಕಟ್ಟಡ ಎಂದದ್ದು ಬರೀ ಚುಚ್ಚುವುದಕ್ಕಲ್ಲ. ನಗರಸಭೆಯ ಕಟ್ಟಡ ಸಮಿತಿಗೆ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದುದರಿಂದ ಊರಿಗೆಲ್ಲ ಪಾರ್ಲರ್ ಅಕ್ಕ ಎನಿಸಿಕೊಂಡಿದ್ದ ಈ ಸೊಸೆಯೇ ಮುಖ್ಯಸ್ಥೆ. ಶಾಲೆ, ಗ್ರಂಥಾಲಯ, ಹೆರಿಗೆ ಆಸ್ಪತ್ರೆ, ಸಾರ್ವಜನಿಕ ಶೌಚಾಲಯ, ಒಟ್ಟಿನಲ್ಲಿ ಊರಿನಲ್ಲಿ ಸೋರುವುದೆಲ್ಲ ಅವಳ ಸುಪರ್ದಿಗೆ ಸೇರಿತ್ತು.

ಅವಳು ಸದಸ್ಯೆಯಾದದ್ದು ತನ್ನ ಆಸೆಯಿಂದೇನಲ್ಲ. ಅವಳ ಅಕ್ಕನ ಗಂಡ ನಗರಸಭೆಯ ಅಧ್ಯಕ್ಷರು. ಆ ಸಲ ಅವಳ ವಾರ್ಡು ಹೆಂಗಸರಿಗೆ ಮೀಸಲಾಯಿತು. ಹೇಳಿದಾಗ ಕೈ ಎತ್ತುವ, ತೋರಿಸಿದಲ್ಲಿ ಸಹಿ ಹಾಕುವ ಒಬ್ಬ ಹೆಂಗಸು ಭಾವನಿಗೆ ಬೇಕಾಗಿತ್ತು. ನಾದಿನಿ ಅಂದರೆ ಮನೆಯವಳೇ ಅಲ್ಲವೇ ಅಂದುಕೊಂಡರು. ನಾದಿನಿಯ ನಾಲಿಗೆ ಅವರಿಗೆ ಗೊತ್ತಿಲ್ಲದ್ದೇನಲ್ಲ. ಮದುವೆಯ ಹೊಸತರಲ್ಲಿ ಅವರ ಮೀಸೆಯ ಬಗ್ಗೆ ಅವಳು ಆಡಿದ ಒಂದು ಮಾತಿಗೆ ಮೀಸೆಯನ್ನೇ ಬೋಳಿಸಿಕೊಂಡಿದ್ದವರು ಅವರು. ಆದರೆ ಮನೆಯ ಹಜಾರದಲ್ಲಿ ಹರಿದಾಡುವ ನಾಲಿಗೆ ತುಂಬಿದ ಸಭೆಯಲ್ಲಿ ತಾನಾಗಿಯೇ ಮುದುಡಿಕೊಳ್ಳುತ್ತದೆ ಎಂದು ಅವರು ನಂಬಿದ್ದರು. ವಾರ್ಡಿನ ಹೆಂಗಸರಲ್ಲಿ ಮುಕ್ಕಾಲು ಪಾಲು ಜನ ಹುಬ್ಬು ತಿದ್ದಿಸಿಕೊಳ್ಳಲು ಅವಳೆದುರೇ ಮುಖವೊಡ್ಡಿ ಕೂರುವವರು. ಕಣ್ಣಿನ ಹತ್ತಿರ ನೂಲು ಆಡಿಸುವವಳನ್ನು ಯಾರು ಎದುರುಹಾಕಿಕೊಳ್ಳುತ್ತಾರೆ? ಗೆದ್ದಳು.

ಗೆದ್ದ ಮೇಲೆ ಕಟ್ಟಡ ಸಮಿತಿ ಅವಳ ತಲೆಗೆ ಬಂತು. ರಸ್ತೆ, ನೀರು, ದೀಪದ ಸಮಿತಿಗಳಿಗೆ ಸದಸ್ಯರು ಒಬ್ಬರ ಮೇಲೊಬ್ಬರು ಬಿದ್ದು ಕಿತ್ತಾಡಿದರು. ಹಳೆ ಕಟ್ಟಡಗಳ ಉಸಾಬರಿ ಯಾರಿಗೂ ಬೇಡವಾಗಿತ್ತು. ಬಂದ ಹೊಸತರಲ್ಲೇ ಅವಳಿಗೆ ಒಂದು ಪಾಠವೂ ಆಯಿತು. ಬಸ್ ನಿಲ್ದಾಣದ ಹೆಂಗಸರ ಶೌಚಾಲಯಕ್ಕೆ ಬೀಗ ಹಾಕುವ ಠರಾವು, ಅವಳಿಗೆ ಅರ್ಥವಾಗುವ ಮೊದಲೇ, ಅವಳ ಕೈಯನ್ನೂ ಎತ್ತಿಸಿಕೊಂಡು ಸರ್ವಾನುಮತದಿಂದ ಪಾಸಾಗಿತ್ತು. ಮುಂದಿನ ಸಭೆಯಲ್ಲಿ ಅವಳು ಎದ್ದು ತಕರಾರು ಮಾಡಿದಾಗ ಭಾವ ಮುಗುಳ್ನಕ್ಕು ಹೇಳಿದ್ದರು:

"ಸರ್ವಾನುಮತದಿಂದ ಒಂದು ಠರಾವು ಆಯ್ತು ಅಂದ್ರೆ ಆರು ತಿಂಗಳು ಅದನ್ನ ಮುಟ್ಟೋ ಹಾಗಿಲ್ಲಮ್ಮ. ನಾನೇ ಬೇಕು ಅಂದ್ರೂ ಆಗಲ್ಲ. ಕಾಯ್ದೆ ಹಾಗಿದೆ."

ಕಾಯ್ದೆ ಹಾಗಿದ್ದದ್ದರಿಂದ ಊರಿನ ಹೆಂಗಸರು ಆರು ತಿಂಗಳು ಹಲ್ಲು ಕಚ್ಚಿಕೊಂಡು ಪ್ರಯಾಣ ಮಾಡಿದರು. ಅಂದಿನಿಂದ ಪಾರ್ಲರ್ ಅಕ್ಕ ಪೂರ್ತಿ ಓದದೆ ಕೈ ಎತ್ತಿದವಳಲ್ಲ.

ಅತ್ತೆಯನ್ನು ಮನೆಗೆ ಕರೆತಂದ ಮಾರನೆಯ ದಿನ ಅವಳು ನಗರಸಭೆಯ ಇಂಜಿನಿಯರನ್ನು ಕರೆದುಕೊಂಡು ಗ್ರಂಥಾಲಯಕ್ಕೆ ಹೋದಳು. ಅಷ್ಟರಲ್ಲಾಗಲೇ ನಗರಸಭೆ ತನ್ನ ಕರ್ತವ್ಯ ಮುಗಿಸಿತ್ತು. ಓದುವ ಕೋಣೆಯ ಗೋಡೆಗೆ ಹೊಸ ಫಲಕವೊಂದು ಬಂದಿತ್ತು: 'ಓದುಗರು ತಮ್ಮ ಸ್ವಂತ ಹೊಣೆಯ ಮೇಲೆ ಕುಳಿತುಕೊಳ್ಳತಕ್ಕದ್ದು.' ಅದರ ಪಕ್ಕದಲ್ಲಿ 'ನಿಶ್ಶಬ್ದ' ಎಂಬ ಹಳೆಯ ಫಲಕ. ಅವಳು ತಲೆಯೆತ್ತಿ ನೋಡಿದಳು. ಕೋಣೆಯ ಮಧ್ಯಭಾಗದ ಸೂರು ಹೊಟ್ಟೆ ಬಿಟ್ಟಂತೆ ಕೆಳಗೆ ಜೋತಿತ್ತು. ಅತ್ತೆ ಕೂತಿದ್ದ ಮೂಲೆಯ ನೆತ್ತಿಯಲ್ಲಿ ಗಾರೆಯೆಲ್ಲ ಉದುರಿ, ತುಕ್ಕು ಹಿಡಿದ ಸರಳುಗಳು ಕೆಂಪಗೆ ಕಾಣುತ್ತಿದ್ದವು. ಕೆಳಗೆ ನಾಲ್ಕಾರು ಜನ ಏನೂ ಆಗಿಲ್ಲವೆಂಬಂತೆ ಕೂತು ಕ್ರೀಡಾಪುಟ ಓದುತ್ತಿದ್ದರು. ಗ್ರಂಥಪಾಲಕಿ ತನ್ನ ಮೇಜನ್ನು ಯಾವಾಗಲೋ ಹೊರಗಿನ ಮೊಗಸಾಲೆಗೆ ಹಾಕಿಸಿಕೊಂಡಿದ್ದಳು.

ತಾರಸಿಯ ಮೇಲೆ ನೀರು ನಿಂತು ಪಾಚಿ ಕಟ್ಟಿತ್ತು. ಒಂದು ಕಡೆ ಹುಲ್ಲು ಬೆಳೆದಿತ್ತು. ಪಾರಿವಾಳಗಳು ಗತ್ತಿನಿಂದ ಓಡಾಡುತ್ತಿದ್ದವು.

"ನೀರು ಇಳಿದೂ ಇಳಿದೂ ಸರಳು ತುಕ್ಕು ಹಿಡಿದು ಉಬ್ಬಿದೆ ಮೇಡಂ," ಎಂದ ಇಂಜಿನಿಯರ್. "ಉಬ್ಬಿದ ಸರಳು ಗಾರೇನ ಕೆಳಕ್ಕೆ ತಳ್ಳುತ್ತೆ. ಆ ಮೂಲೇಲಿ ಬೀಳೋದೆಲ್ಲ ಬಿದ್ದಾಯ್ತು. ಮಧ್ಯದ್ದು ಬಾಕಿ ಇದೆ."

"ಯಾವಾಗ ಬೀಳುತ್ತೆ?"

"ನಾಳೆನೂ ಬೀಳಬಹುದು, ಮುಂದಿನ ಮಳೆಗಾಲಕ್ಕೂ ಬೀಳಬಹುದು. ಈಗಲೇ ಕೈ ಹಾಕಿದ್ರೆ ಉಳಿಸ್ಕೋಬಹುದು. ಗೋಡೆ, ತೊಲೆ ಎಲ್ಲಾ ಚೆನ್ನಾಗಿವೆ."

"ಸಭೇಲೂ ಇದನ್ನೇ ಹೇಳಿ ಮತ್ತೆ."

ಇಂಜಿನಿಯರ್ ಕಾಲಡಿಯ ಹುಲ್ಲನ್ನು ನೋಡಿದ. "ಸಭೇಲಿ ಸ್ವಲ್ಪ ಬೇರೆ ತರ ಹೇಳಬೇಕಾಗುತ್ತೆ ಮೇಡಂ. ದುರಸ್ತಿಗೆ ಅಂತ ಇದ್ದ ದುಡ್ಡೆಲ್ಲ ಪುರಭವನದ ಮುಂದಿನ ಮಂಟಪಕ್ಕೆ ಹೋಗಿದೆ. ಅಧ್ಯಕ್ಷರ ಆಸೆ. ಇದು ಕೆಟ್ಟಿದೆ ಅಂತ ನಾನು ಬರೆದುಕೊಟ್ರೆ ಅದು ನಿಂತುಹೋಗುತ್ತೆ. ನನಗಿನ್ನೂ ಮಗಳ ಓದು ಮುಗಿದಿಲ್ಲ."

ಆ ಮಂಟಪದ ನಕ್ಷೆಯನ್ನು ಅವಳೂ ನೋಡಿದ್ದಳು. ಗಾಜಿನ ಕಂಬ, ಗಾಜಿನ ಮಾಡು, ನಡುವೆ ಬಣ್ಣ ಬದಲಾಯಿಸುವ ದೀಪ. ನಗರಸಭೆ ಕೂರುವ ಪುರಭವನಕ್ಕೆ ಮಳೆ ಬಂದರೆ ಸೋರುವ ಚಿಂತೆಯಿರಲಿಲ್ಲ, ಕಾರಿನಿಂದ ಇಳಿದು ಒಳಗೆ ಹೋಗುವಷ್ಟರಲ್ಲಿ ಅಧ್ಯಕ್ಷರ ತಲೆ ನೆನೆಯುತ್ತದೆ ಎಂಬುದೊಂದೇ ಚಿಂತೆ.

"ಸರಳಿಗೆ ಮಾತ್ರ ತುಕ್ಕು ಹಿಡಿದಿದೆ ಅಂದುಕೊಂಡಿದ್ದೆ," ಎಂದಳು ಅವಳು. "ಬೆನ್ನುಮೂಳೆಗೂ ಹಿಡಿಯುತ್ತೆ ಅಂತ ಇವತ್ತು ಗೊತ್ತಾಯ್ತು."

ಇಂಜಿನಿಯರ್ ನಕ್ಕ. ಬೈಸಿಕೊಂಡಾಗ ನಗುವುದನ್ನು ಅವನು ನೌಕರಿಯಲ್ಲೇ ಕಲಿತಿದ್ದ.

ಸಭೆಯ ದಿನ ಪುರಭವನದ ಮೆತ್ತನೆ ಕುರ್ಚಿಗಳಲ್ಲಿ ಸದಸ್ಯರೆಲ್ಲ ಹರಡಿಕೊಂಡು ಕೂತಿದ್ದರು. ಗ್ರಂಥಾಲಯದ ವಿಷಯ ಬಂದಾಗ ಮೊದಲು ಬಾಯಿ ತೆರೆದವರು ಲಾಡ್ಜ್ ನಡೆಸುವ ಸದಸ್ಯರು. ತಪ್ಪೆಲ್ಲ ಪಾರಿವಾಳಗಳದ್ದು, ಅವು ಕುಕ್ಕಿ ಕುಕ್ಕಿ ಗಾರೆ ಸಡಿಲಿಸಿವೆ, ಪಾರಿವಾಳ ಹಿಡಿಯಲು ಟೆಂಡರ್ ಕರೆಯಬೇಕು ಎಂದರು. ಸಿಮೆಂಟ್ ಅಂಗಡಿಯ ಸದಸ್ಯರು, ಮಂಟಪದ ಗುತ್ತಿಗೆ ಇವರ ಭಾಮೈದನಿಗೇ ಆಗಿತ್ತು, ಹಳೆ ಕಾಲದ ಕೆಲಸ ಕಲ್ಲಿನ ಹಾಗೆ ಗಟ್ಟಿ ಎಂದರು. ಹಿಂದಿನ ಸಾಲಿನಿಂದ ಯಾರೋ, ಆ ಅಜ್ಜಿ ಅದೇ ಜಾಗದಲ್ಲಿ ಹೋಗಿ ಕೂರಬೇಕು ಅಂತ ಯಾರಾದರೂ ಬಲವಂತ ಮಾಡಿದ್ದರಾ ಎಂದು ಕೇಳಿದರು. ಕಡೆಗೆ ಅಧ್ಯಕ್ಷರು ಮೈಕು ಎಳೆದುಕೊಂಡರು.

"ನನ್ನ ಒಂದು ಹಲ್ಲು ಬಿದ್ದೋಯ್ತು ಅಂದ್ರೆ ನಾನೇ ಹೋದೆ ಅಂತ ಅರ್ಥಾನಾ? ಒಂದು ಚೂರು ಗಾರೆ ಬಿದ್ರೆ ಕಟ್ಟಡ ಬಿದ್ದ ಹಾಗಾ?"

ಸಭೆ ಬಿದ್ದು ಬಿದ್ದು ನಕ್ಕಿತು.  ಅತ್ತೆಗೂ ಪಾರ್ಲರ್ ಅಕ್ಕನಿಗೂ ಅಂಥ ಪ್ರೀತಿಯೇನೂ ಇರಲಿಲ್ಲ. ಟೀ ಬಿಸಿ ಸಾಲದು ಎಂಬುದರಿಂದ ಶುರುವಾಗಿ ದಿನಕ್ಕೊಂದು ಕಿರಿಕಿರಿ ಇದ್ದದ್ದೇ. ಆದರೆ ರಾತ್ರಿಯೆಲ್ಲ ಮಗ್ಗುಲು ಬದಲಿಸಲಾರದೆ ನರಳಿದ ಆ ಹೆಂಗಸಿನ ನೋವು ಇವರ ನಗೆಚಾಟಿಕೆಗೆ ವಸ್ತುವಾಯಿತಲ್ಲ ಎಂದು ಸಿಟ್ಟು ಬಂತು. ಅವಳು ಇಂಜಿನಿಯರ್ ಕಡೆ ತಿರುಗಿದಳು. ಅವನು ಎದ್ದು ಯಾರ ಮುಖವನ್ನೂ ನೋಡದೆ ಓದಿದ: "ಕಟ್ಟಡವು ಗಟ್ಟಿಮುಟ್ಟಾಗಿದ್ದು ಸಾರ್ವಜನಿಕ ಬಳಕೆಗೆ ಸಂಪೂರ್ಣ ಯೋಗ್ಯವಾಗಿದೆ."

ಅವಳು ಬೈಯಲು ಹೋಗಲಿಲ್ಲ. ಮೊಡವೆ ಕೀವು ತುಂಬಿದ್ದರೂ ಮೇಲೆ ಬಣ್ಣ ಬಳಿದುಬಿಡಿ ಅನ್ನುವ ಗಿರಾಕಿಗಳನ್ನು ಅವಳು ದಿನವೂ ನೋಡುತ್ತಿದ್ದಳು. ಅಂಥವರ ಜೊತೆ ವಾದಕ್ಕೆ ನಿಂತರೆ ಪ್ರಯೋಜನವಿಲ್ಲ, ಕನ್ನಡಿಯ ಮುಂದೆ ಕೂರಿಸಬೇಕು. ಅವಳು ಎದ್ದು ನಿಂತು ಮೃದುವಾಗಿ ಹೇಳಿದಳು:

"ನಾನೇ ತಪ್ಪು ತಿಳ್ಕೊಂಡಿದ್ದೆ. ಇಷ್ಟು ಜನ ತಿಳಿದವರು ಹೇಳ್ತಿದೀರಿ ಅಂದ್ಮೇಲೆ ಮುಗೀತು. ಆದ್ರೆ ಜನಕ್ಕೆ ಭಯ ಹೋಗಬೇಕಲ್ಲ? ಗ್ರಂಥಾಲಯ ಗಟ್ಟಿಮುಟ್ಟಾಗಿದೆ, ಕೆಡವೋ ಅಗತ್ಯ ಇಲ್ಲ, ಯಾರು ಬೇಕಾದ್ರೂ ಎಲ್ಲಿ ಬೇಕಾದ್ರೂ ಕೂರಬಹುದು ಅಂತ ಸರ್ವಾನುಮತದಿಂದ ಒಂದು ಠರಾವು ಮಾಡಿಬಿಡಿ."

ಭಾವನ ಮುಖ ಅರಳಿತು. ಕೊನೆಗೂ ನಾದಿನಿ ದಾರಿಗೆ ಬಂದಳು. ಕೈಗಳೆಲ್ಲ ಮೇಲಕ್ಕೆ ಹೋದವು, ಠರಾವು ಆಯಿತು.

"ಇನ್ನೊಂದು ಸಣ್ಣ ವಿಷಯ," ಎಂದಳು ಅವಳು ಕೂರದೆಯೇ. "ಮಂಟಪದ ಕೆಲಸ ಶುರುವಾದ್ರೆ ಇಲ್ಲೆಲ್ಲಾ ಗುಂಡಿ, ಧೂಳು, ಗಲಾಟೆ. ಅದು ಮುಗಿಯೋವರೆಗೆ ನಾವು ಸಭೆ ಎಲ್ಲಿ ಮಾಡೋದು?"

ಲಾಡ್ಜಿನವರು ತಟ್ಟನೆ ನೆಟ್ಟಗೆ ಕೂತರು. "ನಮ್ಮ ಲಾಡ್ಜಲ್ಲಿ ಒಳ್ಳೆ ಹಾಲ್ ಇದೆ. ಬಾಡಿಗೆ ಮಾತಾಡ್ಕೋಬಹುದು."

ಬಾಡಿಗೆಯ ಮಾತು ಕಿವಿಗೆ ಬಿದ್ದದ್ದೇ ತಡ ಮಿಕ್ಕವರೆಲ್ಲ ಮುಖ ಸಿಂಡರಿಸಿದರು. ಇವನೊಬ್ಬನೇ ಯಾಕೆ ಉದ್ಧಾರವಾಗಬೇಕು? ಪಾರ್ಲರ್ ಅಕ್ಕ ಸಂಕೋಚಪಡುವವಳಂತೆ, "ಬಾಡಿಗೆ ಯಾಕೆ ದಂಡ? ನಮ್ಮದೇ ಗ್ರಂಥಾಲಯ ಇದೆಯಲ್ಲ. ಓದೋ ಕೋಣೆ ದೊಡ್ಡದಾಗಿದೆ," ಎಂದಳು. ಲಾಡ್ಜಿನವರಿಗೆ ಸಿಗದಿದ್ದರೆ ಸಾಕು ಎಂದು ಸಿಮೆಂಟಿನವರು ಮೊದಲು ಕೈ ಎತ್ತಿದರು. ಅವರ ಹಿಂದೆ ಉಳಿದವರು. ಬಾಗಿಲಲ್ಲಿ ಟೀ ತಟ್ಟೆ ಕಾಣಿಸಿಕೊಂಡಿತ್ತಾದ್ದರಿಂದ ಯಾರಿಗೂ ಯೋಚಿಸುವ ವ್ಯವಧಾನವಿರಲಿಲ್ಲ. ಕೈ ಎತ್ತುವ ಚಾಳಿಯಿಂದ ಲಾಡ್ಜಿನವರ ಕೈಯೂ ಮೇಲಕ್ಕೆ ಹೋಯಿತು. ಇಂಜಿನಿಯರ್ ಮಾತ್ರ ಬರೆಯುತ್ತಿದ್ದ ಪೆನ್ನನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದ.

ತಾವು ಎಲ್ಲಿ ಕೂರಲು ಒಪ್ಪಿದೆವು ಎಂದು ಭಾವನಿಗೆ ಹೊಳೆಯುವಷ್ಟರಲ್ಲಿ ಸಂಜೆಯಾಗಿತ್ತು. ಹೊಳೆದದ್ದನ್ನು ಅವರು ನೇರವಾಗಿ ನಾದಿನಿಗೆ ಹೇಳಲಿಲ್ಲ, ಹೆಂಡತಿಯನ್ನು ಕಳಿಸಿದರು. ಅಕ್ಕ ಬಂದವಳು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು.

"ನಿಮ್ಮ ಭಾವನ್ನ ಆ ಹಾಳು ಸೂರಿನ ಕೆಳಗೆ ಕೂರಿಸ್ತೀಯಲ್ಲೇ, ನಿನಗೆ ಕರುಳು ಅನ್ನೋದು ಇದೆಯಾ?"

"ಹಾಳು ಸೂರು ಅಂದವರು ಯಾರು ಅಕ್ಕ? ಗಟ್ಟಿಮುಟ್ಟಾಗಿದೆ ಅಂತ ಭಾವನೇ ಮೈಕಲ್ಲಿ ಹೇಳಿದ್ರು."

"ನನ್ನ ಹತ್ರ ಆ ಮಾತೆಲ್ಲ ಬೇಡ. ನಿನಗೆ ಆ ಕುರ್ಚಿ ಕೊಡಿಸಿದವರು ಅವರು. ಅವರ ಮರ್ಯಾದೆ ಬೀದಿಗೆ ತರ್ತೀಯಾ?"

"ಭಾವನ ಮರ್ಯಾದೆ ಇರೋದು ಗಾಜಿನ ಮಂಟಪದಲ್ಲಾ ಅಕ್ಕ?"

ಒಳಕೋಣೆಯಿಂದ ಅತ್ತೆಯ ದನಿ ಬಂತು. "ನಾನು ಕೂತಿದ್ದ ಮೂಲೇನೇ ಕೊಡಿ ನಿಮ್ಮ ಯಜಮಾನ್ರಿಗೆ. ಅಲ್ಲಿ ಬೀಳೋದೆಲ್ಲ ನನ್ನ ಮೇಲೆ ಬಿದ್ದಾಗಿದೆ. ಊರಲ್ಲಿ ಅದಕ್ಕಿಂತ ಭದ್ರವಾದ ಜಾಗ ಸಿಗಲ್ಲ."

ಅಕ್ಕ ಟೀ ಮುಟ್ಟದೆ ಎದ್ದು ಹೋದಳು. ಇನ್ನು ಈ ಹೊಸ್ತಿಲು ತುಳಿಯಲ್ಲ ಎಂದೂ ಹೇಳಿ ಹೋದಳು. ತನ್ನ ಕನ್ನಡಕದ ಅಂಗಡಿ ಮುಚ್ಚಿ ಆಗತಾನೆ ಬಂದಿದ್ದ ಪಾರ್ಲರ್ ಅಕ್ಕನ ಗಂಡ, ಮಾತು ಕಡಿಮೆಯ ಮನುಷ್ಯ, ಆರಿದ ಟೀಯನ್ನು ತಾನೇ ಕುಡಿಯುತ್ತ, "ಅಕ್ಕನ ಜೊತೆ ಬೇಕಿತ್ತಾ ಇದು?" ಎಂದ.  ಅಮ್ಮ ತೀರಿಹೋದ ಮೇಲೆ ಅವಳಿಗೆ ತಲೆ ಬಾಚಿದವಳು ಅಕ್ಕ. ಪಾರ್ಲರಿನ ಮೊದಲ ತಿರುಗುಕುರ್ಚಿ ಕೊಡಿಸಿದವಳೂ ಅಕ್ಕನೇ. ಆ ರಾತ್ರಿ ಅವಳು ತಟ್ಟೆಯ ಅನ್ನವನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಸಭೆಯನ್ನು ಪುರಭವನದಲ್ಲೇ ಮಾಡೋಣವೆಂದರೆ ದಾರಿ ಉಳಿದಿರಲಿಲ್ಲ. ಸಿಮೆಂಟಿನವರ ಭಾಮೈದ, ಬಿಲ್ಲು ಬೇಗ ಆಗಲಿ ಎಂಬ ಆತುರಕ್ಕೆ, ಪುರಭವನದ ಮೆಟ್ಟಿಲುಗಳನ್ನು ಕಿತ್ತು ಬಾಗಿಲಿಗೆ ಅಡ್ಡಲಾಗಿ ಆಳದ ಗುಂಡಿ ತೋಡಿಸಿಯಾಗಿತ್ತು. ಪತ್ರಿಕೆಗಳಲ್ಲಿ 'ಗ್ರಂಥಾಲಯ ಸಂಪೂರ್ಣ ಸುರಕ್ಷಿತ, ಅಲ್ಲೇ ನಗರಸಭೆ' ಎಂದು ಬಂದಿತ್ತು. ಇನ್ನು ಬಾಲ ಮುದುರಿದರೆ ಊರು ನಗುತ್ತದೆ. ಭಾವ ಹಲ್ಲು ಕಡಿದುಕೊಂಡು ಸಭೆಯ ದಿನ ಗೊತ್ತುಮಾಡಿದರು.

ಅಂದು ಗ್ರಂಥಾಲಯದ ಕಿಟಕಿಗಳಿಗೆಲ್ಲ ಜನ ಜೋತುಬಿದ್ದಿದ್ದರು. ಊರಿನ ಜನ ಅಷ್ಟೊಂದು ಸಂಖ್ಯೆಯಲ್ಲಿ ಗ್ರಂಥಾಲಯಕ್ಕೆ ಹಿಂದೆಂದೂ ಬಂದವರಲ್ಲ. ಕೈಯನ್ನು ಕೊರಳಿಗೆ ಕಟ್ಟಿಕೊಂಡಿದ್ದ ಅತ್ತೆಯೂ ಮಗನ ಕೈ ಹಿಡಿದುಕೊಂಡು ಬಂದು, ಗ್ರಂಥಪಾಲಕಿಯ ಕುರ್ಚಿಯನ್ನು ಆಕ್ರಮಿಸಿ ಮೊಗಸಾಲೆಯಲ್ಲಿ ಕೂತಿದ್ದರು.

ಸದಸ್ಯರು ಒಬ್ಬೊಬ್ಬರಾಗಿ ಒಳಗೆ ಬಂದರು. ಬಾಗಿಲು ದಾಟಿದ ಕೂಡಲೇ ಎಲ್ಲರ ಕಣ್ಣೂ ಮೇಲಕ್ಕೆ ಹೋಗುತ್ತಿತ್ತು. ಗೋಡೆಯ ಬದಿಯ ಕುರ್ಚಿಗಳು ಕ್ಷಣದಲ್ಲಿ ತುಂಬಿಹೋದವು. ಅತ್ತೆ ಕೂತಿದ್ದ ಮೂಲೆಗೆ ಇಬ್ಬರು ಸದಸ್ಯರು ಒಟ್ಟಿಗೆ ಹೋಗಿ, ನಾನು ಮೊದಲು ಬಂದೆ, ಇಲ್ಲ ನಾನು ಮೊದಲು ಬಂದೆ ಎಂದು ಪಿಸುದನಿಯಲ್ಲಿ ಕಿತ್ತಾಡುತ್ತಿದ್ದಾಗ, ಅಧ್ಯಕ್ಷರು ಬಂದು ಇಬ್ಬರನ್ನೂ ಎಬ್ಬಿಸಿ ತಮ್ಮ ಮೇಜನ್ನು ಅಲ್ಲಿಗೇ ಎಳೆಸಿಕೊಂಡರು. ಅಕ್ಕ ಮನೆಗೆ ಹೋಗಿ ಅತ್ತೆಯ ಮಾತನ್ನು ತಲುಪಿಸಿದ್ದಳು ಎಂದು ಪಾರ್ಲರ್ ಅಕ್ಕನಿಗೆ ಅರ್ಥವಾಯಿತು. ಲಾಡ್ಜಿನವರು ಬಾಗಿಲ ಚೌಕಟ್ಟಿನಲ್ಲೇ ನಿಂತುಬಿಟ್ಟರು. "ಬೆನ್ನುನೋವು. ನಿಂತೇ ಕೇಳ್ತೀನಿ." ಸಿಮೆಂಟಿನವರು ತಲೆಗೆ ಹೆಲ್ಮೆಟ್ ಹಾಕಿಕೊಂಡು ಬಂದರು. "ಬೈಕಲ್ಲಿ ಬಂದೆ, ತೆಗೆಯೋಕೆ ಮರೆತೆ," ಎಂದರು. ಅವರು ಕಾರಿನಿಂದ ಇಳಿದದ್ದನ್ನು ಕಿಟಕಿಯಲ್ಲಿದ್ದವರೆಲ್ಲ ನೋಡಿದ್ದರು.

ಕೋಣೆಯ ನಡುವಿನ ಕುರ್ಚಿಗಳಲ್ಲಿ ಒಬ್ಬರೂ ಇರಲಿಲ್ಲ. ಪಾರ್ಲರ್ ಅಕ್ಕ ಹೋಗಿ ಅಲ್ಲಿ ಕೂತಳು.  ನೆತ್ತಿಯ ಮೇಲೆ ಜೋತಿದ್ದ ಸೂರಿನ ಭಾರ ತಲೆಗೂದಲಿಗೆ ತಾಗಿದಂತೆ ಅನ್ನಿಸುತ್ತಿತ್ತು. ಬೇರೆಯವರನ್ನು ಇಲ್ಲಿ ಕರೆಸಿದವಳು ತಾನು ಗೋಡೆಯ ಮಗ್ಗುಲಿಗೆ ಹೋಗಿ ಕೂರುವುದು ಹೇಗೆ?

ಫ್ಯಾನ್ ಹಾಕಬೇಡಿ, ಅದುರುತ್ತದೆ ಎಂದು ಅಧ್ಯಕ್ಷರು ಅಪ್ಪಣೆ ಕೊಟ್ಟರು. ಜೋರಾಗಿ ಮಾತಾಡಿದರೂ ಗಾರೆ ಸಡಿಲವಾಗುತ್ತದೆ ಎಂದು ಯಾರೋ ಹಬ್ಬಿಸಿದ್ದರು. ಹಾಗಾಗಿ ಮೇಜು ಗುದ್ದದೆ ಒಂದು ಮಾತೂ ಆಡಿ ಗೊತ್ತಿಲ್ಲದ ಆ ಸಭೆ, ಗೋಡೆಯ ಮೇಲಿನ ಫಲಕಕ್ಕೆ ಹೆದರಿದ ಶಾಲೆಮಕ್ಕಳಂತೆ, ಚರಂಡಿ ಹೂಳಿನ ವಿಷಯವನ್ನು ಪಿಸುಪಿಸು ಎಂದು ಚರ್ಚಿಸತೊಡಗಿತು. ಬೆವರು ಇಳಿಯುತ್ತಿತ್ತು. ಮೇಲೆ ತಾರಸಿಯಲ್ಲಿ ಪಾರಿವಾಳಗಳು ಗುಟುರು ಹಾಕುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಒಂದು ಪಾರಿವಾಳ ರೆಕ್ಕೆ ಬಡಿದು ಹಾರಿರಬೇಕು. ಎಲ್ಲಿಂದಲೋ ಒಂದು ಚಕ್ಕೆ, ಉಗುರಿನಷ್ಟು ದೊಡ್ಡದು, ಅಧ್ಯಕ್ಷರ ಮೇಜಿನ ಮೇಲೆ ಟಪ್ಪೆಂದು ಬಿತ್ತು.

ನಗರಸಭೆ ಕಾಲಿಗೆ ಬುದ್ಧಿ ಹೇಳಿತು. ಎಲ್ಲರಿಗಿಂತ ಮುಂದೆ ಅಧ್ಯಕ್ಷರು. ಅಷ್ಟು ವೇಗ ಆ ಹೊಟ್ಟೆಯಲ್ಲಿ ಎಲ್ಲಿ ಅಡಗಿತ್ತೋ. ಬಾಗಿಲಲ್ಲಿ ಬೆನ್ನುನೋವಿನ ಲಾಡ್ಜಿನವರೂ ಅವರೂ ಒಟ್ಟಿಗೆ ಸಿಕ್ಕಿಕೊಂಡರು. ಹಿಂದಿನವರು ನೂಕಿದ ರಭಸಕ್ಕೆ ಇಬ್ಬರೂ ಬೆಣ್ಣೆಯಂತೆ ಜಾರಿ ಅಂಗಳಕ್ಕೆ ಬಿದ್ದರು. ಹೆಲ್ಮೆಟ್ಟಿನವರು ಕಿಟಕಿ ಹತ್ತಲು ನೋಡಿ, ಆಚೆ ನಿಂತು ನಗುತ್ತಿದ್ದ ಜನರ ಮುಖ ಕಂಡು ಮತ್ತೆ ಬಾಗಿಲಿಗೆ ಓಡಿದರು. ಕೋಣೆಯಲ್ಲಿ ಉಳಿದವರು ಇಬ್ಬರೇ. ಪಾರ್ಲರ್ ಅಕ್ಕ ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತೇ ಇದ್ದಳು. ಗೋಡೆಗೆ ಒರಗಿ ನಿಂತಿದ್ದ ಇಂಜಿನಿಯರ್ ಬಂದು, "ಏಳಿ ಮೇಡಂ, ಸಾಕು. ನೋಡಬೇಕಾದ್ದನ್ನ ಎಲ್ಲರೂ ನೋಡಾಯ್ತು," ಎಂದು ಕೈ ಹಿಡಿದು ಎಬ್ಬಿಸಿದ.

ಗೆದ್ದೆ ಅಂದುಕೊಂಡೇ ಅವಳು ಅಂಗಳಕ್ಕೆ ಬಂದಳು. ಆದರೆ ಅಷ್ಟರಲ್ಲಿ ಭಾವ ಮೈಮೇಲಿನ ಧೂಳು ಕೊಡವಿಕೊಂಡು ಕಟ್ಟೆಯ ಮೇಲೆ ಹತ್ತಿ ನಿಂತಿದ್ದರು. ಹೊರಗೆ ಬಂದ ಕೂಡಲೇ ದನಿಯೂ ವಾಪಸ್ಸು ಬಂದಿತ್ತು.

"ಎಲ್ಲರೂ ಕಣ್ಣಾರೆ ನೋಡಿದ್ರಿ. ಇಂಥ ಅಪಾಯದ ಕಟ್ಟಡ ಇಟ್ಕೊಂಡು ಜನರ ಪ್ರಾಣದ ಜೊತೆ ಚೆಲ್ಲಾಟ ಆಡೋಕೆ ನಾನಂತೂ ತಯಾರಿಲ್ಲ. ಇದನ್ನ ಕೆಡವಿಬಿಡೋಣ. ಒಳ್ಳೆ ಜಾಗ, ಮುಖ್ಯರಸ್ತೆ. ಮೂರಂತಸ್ತಿನ ಅಂಗಡಿ ಸಾಲು ಕಟ್ಟೋಣ. ಮೇಲೆ ಎಲ್ಲಾದ್ರೂ ಪುಸ್ತಕಕ್ಕೂ ಒಂದು ಕೋಣೆ ಬಿಡೋಣ."

ಓಡಿ ಬಂದು ಬೆಪ್ಪಾಗಿ ನಿಂತಿದ್ದ ಮುಖಗಳೆಲ್ಲ ಒಮ್ಮೆಲೇ ಗೆಲುವಾದವು. ಸಿಮೆಂಟಿನವರು ಹೆಲ್ಮೆಟ್ ತೆಗೆದರು. ಮಂಟಪ ಕಟ್ಟುವುದೆಲ್ಲಿ, ಮೂರಂತಸ್ತು ಕಟ್ಟುವುದೆಲ್ಲಿ. ಪಾರ್ಲರ್ ಅಕ್ಕನಿಗೆ ತನ್ನ ತಪ್ಪು ಆಗ ಹೊಳೆಯಿತು. ಬುದ್ಧಿವಂತಿಕೆ ಮಾಡಲು ಹೋಗಿ ಕೊಡಲಿಯನ್ನು ತಾನೇ ಇವರ ಕೈಗಿಟ್ಟೆನಲ್ಲ.

"ಇದಕ್ಕಾ ಇಷ್ಟೆಲ್ಲ ಮಾಡಿದ್ದು ನೀನು?" ಎಂದರು ಅತ್ತೆ ಮೊಗಸಾಲೆಯಿಂದ. ಸಿಟ್ಟಿನ ದನಿಯಲ್ಲ ಅದು. ನಿಜವಾಗಿ ಕೇಳಿದ ಪ್ರಶ್ನೆ. ಮುದುಕಿಯ ಕಣ್ಣು ಒದ್ದೆಯಾದದ್ದನ್ನು ಅವಳು ಮೊದಲ ಸಲ ನೋಡಿದಳು. ಗಂಡ ಹೋದ ಮೇಲೆ ಆಕೆಗೆ ಮನೆಯಿಂದ ಹೊರಗೆ ಅಂತ ಇದ್ದದ್ದು ಈ ಕೋಣೆಯೊಂದೇ.

ಅಂಗಳದಲ್ಲಿ ಆಗಲೇ ಕೈಗಳು ಏಳತೊಡಗಿದ್ದವು. ಏಳುತ್ತಿದ್ದ ಆ ಕೈಗಳನ್ನು ನೋಡಿದಾಗಲೇ ಅವಳಿಗೆ ಬಸ್ ನಿಲ್ದಾಣದ ಬೀಗ ನೆನಪಾದದ್ದು.

"ಭಾವ," ಎಂದಳು, "ಆರು ತಿಂಗಳು ಅದನ್ನ ಮುಟ್ಟೋ ಹಾಗಿಲ್ಲ."

"ಯಾವುದನ್ನ?"

"ಗ್ರಂಥಾಲಯ ಗಟ್ಟಿಮುಟ್ಟಾಗಿದೆ, ಕೆಡವೋ ಅಗತ್ಯ ಇಲ್ಲ. ಸರ್ವಾನುಮತದ ಠರಾವು. ನೀವೇ ಬೇಕು ಅಂದ್ರೂ ಆಗಲ್ಲ. ಕಾಯ್ದೆ ಹಾಗಿದೆ ಅಂತ ನೀವೇ ಹೇಳಿಕೊಟ್ರಿ."

ಅಧ್ಯಕ್ಷರು ನಗರಸಭೆಯ ಕಾರ್ಯದರ್ಶಿಯ ಕಡೆ ನೋಡಿದರು. ಆ ಮನುಷ್ಯ ಗಂಟಲು ಸರಿಮಾಡಿಕೊಂಡು, "ಹೌದು ಸರ್, ಹಾಗೇ ಇದೆ," ಎಂದ.

"ಮಂಟಪದ ಕೆಲಸ ಮುಗಿಯೋವರೆಗೆ ಸಭೆ ಇಲ್ಲೇ ಅನ್ನೋದೂ ಸರ್ವಾನುಮತದ್ದೇ," ಎಂದಳು ಅವಳು. "ಮುಂದಿನ ಸಭೆ, ಅದರ ಮುಂದಿನ ಸಭೆ, ಎಲ್ಲಾ ಇದೇ ಕೋಣೇಲಿ. ಮಳೆಗಾಲ ಬೇರೆ ಹತ್ರ ಬಂತು."

ಸದಸ್ಯರೆಲ್ಲ ಒಟ್ಟಾಗಿ ಬಾಗಿಲ ಕಡೆ ನೋಡಿದರು. ಲಾಡ್ಜಿನವರು ಕೀರಲು ದನಿಯಲ್ಲಿ, "ಹಾಗಾದ್ರೆ ರಿಪೇರಿನಾದ್ರೂ ಮಾಡಿಸಿ ಮಾರಾಯ್ರೆ," ಎಂದರು.

"ಗಟ್ಟಿಮುಟ್ಟಾಗಿದೆ ಅಂದಮೇಲೆ ರಿಪೇರಿ ಅಂತ ಹೇಗೆ ಬರೆಯೋದು?" ಎಂದರು ಅಧ್ಯಕ್ಷರು. ಅಂಥ ಹೊತ್ತಿನಲ್ಲೂ ಅವರ ಚಿಂತೆ ಅದೇ.

"ಚೆನ್ನಾಗಿರೋ ಮುಖಕ್ಕೂ ಫೇಶಿಯಲ್ ಮಾಡಿಸ್ಕೋತಾರೆ ಭಾವ. ವಾರ್ಷಿಕ ನಿರ್ವಹಣೆ ಅಂತ ಬರೀರಿ. ದುಡ್ಡು ಮಂಟಪದ್ದು ಇದೆ."

ಅಧ್ಯಕ್ಷರು ಇಂಜಿನಿಯರ್ ಕಡೆ ತಿರುಗಿದರು. ಅವನ ಮುಖದಲ್ಲಿ ಆ ಹಳೆಯ ನಗು ಬರಲಿಲ್ಲ. "ಇವತ್ತೇ ಆಸರೆ ಕಂಬ ಕೊಟ್ಟು ಕೆಲಸ ಶುರುಮಾಡಿದ್ರೆ ಮಳೆಗೆ ಮೊದಲು ಮುಗಿಸಬಹುದು. ಮಂಟಪ ಮಾತ್ರ ಆಗಲ್ಲ ಸರ್. ಎರಡೂ ಆಗುತ್ತೆ ಅಂತ ನಾನು ಬರೆಯಲ್ಲ," ಎಂದ.  ಅಧ್ಯಕ್ಷರು ದುರುಗುಟ್ಟಿ ನೋಡಿದರೂ ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ನಿಂತಲ್ಲೇ ಠರಾವು ಆಯಿತು. ಅದೂ ಸರ್ವಾನುಮತದಿಂದ. ಸಿಮೆಂಟಿನವರ ಕೈ ಮಾತ್ರ ಸ್ವಲ್ಪ ತಡವಾಗಿ ಎದ್ದಿತು.

ಕೆಲಸ ನಡೆಯಿತು. ಜೋತುಬಿದ್ದಿದ್ದ ಗಾರೆಯನ್ನೆಲ್ಲ ಇಳಿಸಿದಾಗ ಲಾರಿ ತುಂಬಿತು. ಅದರ ಅಡಿಯಲ್ಲಿ ಎಷ್ಟು ವರ್ಷ ಎಷ್ಟು ಜನ ಕ್ರೀಡಾಪುಟ ಓದಿದ್ದರೋ. ಸರಳು ಕೆರೆದು, ಕೊಳೆತದ್ದನ್ನು ಬದಲಿಸಿ, ತಾರಸಿಯ ನೀರಿಗೆ ದಾರಿ ಮಾಡಿ, ಹೊಸ ಗಾರೆ ಹಾಕಿದರು. ಕೆಲಸ ಮುಗಿಯುವವರೆಗೆ ಅತ್ತೆ ಪತ್ರಿಕೆಗಳನ್ನು ಮನೆಗೇ ತರಿಸಿಕೊಂಡು ಓದಿ, ಓದಿದ್ದನ್ನೆಲ್ಲ ಸೊಸೆಗೆ ಗಟ್ಟಿಯಾಗಿ ವರದಿ ಮಾಡಿ, ಪಾರ್ಲರಿನ ಗಿರಾಕಿಗಳಿಗೂ ಬುದ್ಧಿ ಹೇಳಿ ಎಲ್ಲರ ಪ್ರಾಣ ಹಿಂಡಿದರು. ಪುರಭವನದ ಮುಂದಿನ ಗುಂಡಿಯಲ್ಲಿ ಮಳೆ ನೀರು ತುಂಬಿತು. ಅದರ ಮೇಲೆ ಹಲಗೆ ಹಾಕಿದರು. ನಗರಸಭೆಯ ಗಣ್ಯರು ಆ ಹಲಗೆಯ ಮೇಲೆ ಒಬ್ಬೊಬ್ಬರಾಗಿ, ಪಂಚೆಯೋ ಪ್ಯಾಂಟೋ ಎತ್ತಿ ಹಿಡಿದು, ಕಚೇರಿಗೆ ಹೋಗಿಬರುವುದನ್ನು ನೋಡಲು ಎದುರಿನ ಟೀ ಅಂಗಡಿಯಲ್ಲಿ ಜನ ಸೇರುತ್ತಿದ್ದರು.

ಗ್ರಂಥಾಲಯದ ಬಾಗಿಲು ಮತ್ತೆ ತೆರೆದ ದಿನ ದೊಡ್ಡ ಸಮಾರಂಭವಾಯಿತು. ನುಣುಪಾದ ಕರಿಕಲ್ಲಿನ ಮೇಲೆ ಅಧ್ಯಕ್ಷರ ಹೆಸರು ಎಲ್ಲಕ್ಕಿಂತ ದಪ್ಪ ಅಕ್ಷರಗಳಲ್ಲಿತ್ತು. ಲಾಡ್ಜಿನವರ ಹೆಸರಿತ್ತು, ಸಿಮೆಂಟಿನವರದ್ದಿತ್ತು. ಪಾರ್ಲರ್ ಅಕ್ಕ 'ಮತ್ತು ಇತರರು' ಎಂಬಲ್ಲಿ ಸೇರಿದ್ದಳು. ಪ್ರಾಣದ ಹಂಗು ತೊರೆದು ಸೂರಿನ ಕೆಳಗೆ ಕೂತು ಕಟ್ಟಡವನ್ನು ಖುದ್ದಾಗಿ ಪರಿಶೀಲಿಸಿದ ಸದಸ್ಯರ ಮುಂದಾಲೋಚನೆಯನ್ನು ಭಾವ ಕೊಂಡಾಡಿದರು. ಅವಳು ಹಿಂದಿನ ಸಾಲಿನಲ್ಲಿ ಕೂತು ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು. ಇಂಥವರಿಂದ ಹೊಗಳಿಸಿಕೊಳ್ಳುವುದಕ್ಕಿಂತ ಇತರರಲ್ಲಿ ಒಬ್ಬಳಾಗಿರುವುದೇ ವಾಸಿ ಎನ್ನಿಸಿತು. ಮುಂದಿನ ಚುನಾವಣೆಗೆ ತನ್ನ ಹೆಸರು ಯಾರೂ ಎತ್ತುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಇಂಜಿನಿಯರ್ ಸಮಾರಂಭಕ್ಕೆ ಬಂದಿರಲಿಲ್ಲ. ಅವನನ್ನು ಕಸ ವಿಲೇವಾರಿ ವಿಭಾಗಕ್ಕೆ ಹಾಕಿದ್ದರು.

ಅದಾಗಿ ಕೆಲವು ದಿನಗಳಿಗೆ, ಒಂದು ಮಧ್ಯಾಹ್ನ, ಅಕ್ಕ ಪಾರ್ಲರಿಗೆ ಬಂದಳು. ಬಾಗಿಲಲ್ಲೇ ನಿಂತು, "ನನ್ನ ಕೋಪ ಏನೂ ಇಳಿದಿಲ್ಲ. ಬೇರೆ ಕಡೆ ಹೋದ್ರೆ ಕೂದಲ ಬಣ್ಣ ಸರಿಯಾಗಿ ಕೂರಲ್ಲ, ಅದಕ್ಕೆ ಬಂದೆ," ಎಂದಳು.

"ಕೂತ್ಕೋ ಅಕ್ಕ."

ಅವಳು ಅಕ್ಕನ ಕೊರಳಿಗೆ ಬಟ್ಟೆ ಸುತ್ತಿ, ಕೂದಲು ಭಾಗ ಮಾಡಿ, ಬುಡದಿಂದ ಬಣ್ಣ ಹಚ್ಚತೊಡಗಿದಳು.  ಬಣ್ಣ ಹಿಡಿಯಲು ಬಿಟ್ಟು ಅವಳು ಬ್ರಶ್ಶು ತೊಳೆಯುತ್ತಿದ್ದಾಗ ಅಕ್ಕ ಕನ್ನಡಿಯಲ್ಲಿ ಅವಳ ಕಣ್ಣು ಹುಡುಕಿ ಕೇಳಿದಳು:

"ಅವತ್ತು ಆ ಚಕ್ಕೆ ಬಿದ್ದಾಗ ಎಲ್ಲರನ್ನೂ ಹೊರಗೆ ಕಳಿಸಿ, ಕೊನೆಗೆ ನಾನು ಬಂದೆ ಅಂತಾರೆ ನಿಮ್ಮ ಭಾವ. ಬಂದವರಿಗೆಲ್ಲ ಅದನ್ನೇ ಹೇಳ್ತಾರೆ. ಹೌದೇನೇ?"

ಅವಳು ನಲ್ಲಿ ನಿಲ್ಲಿಸಿದಳು. ಸುಳ್ಳು ಹೇಳಿ ಮುಗಿಸಬಹುದಿತ್ತು. ಅಕ್ಕನ ಮುಖ ನೋಡಿದರೆ ಸುಳ್ಳು ಕೇಳಲು ಅವಳು ಇಷ್ಟು ದೂರ ಬಂದಂತೆ ಕಾಣಲಿಲ್ಲ.

"ಮೊದಲು ಓಡಿದ್ದು ಭಾವನೇ. ಬಾಗಿಲಲ್ಲಿ ಲಾಡ್ಜಿನವರ ಜೊತೆ ಸಿಕ್ಕಿಹಾಕ್ಕೊಂಡ್ರು."

ಅಕ್ಕ ತಲೆ ತಗ್ಗಿಸಿದಳು. ಕೊರಳಿಗೆ ಸುತ್ತಿದ್ದ ಬಟ್ಟೆಯ ಕೆಳಗೆ ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಗಾಬರಿಯಾಗಿ ಹತ್ತಿರ ಹೋದ ತಂಗಿಗೆ, ಹಣೆಯ ಮೇಲೆ ಬಣ್ಣ ಇಳಿಯುತ್ತಿದ್ದರೂ ಒರೆಸಿಕೊಳ್ಳಲಾರದಷ್ಟು ಅಕ್ಕ ನಗುತ್ತಿದ್ದಾಳೆ ಎಂದು ಗೊತ್ತಾಯಿತು.